ಅಜ್ಜ ಓದಿದ ಬೆಂಗಳೂರು ವಿಶ್ವವಿದ್ಯಾಲಯ ಯಾವುದು, ನಾನು ಸೇರುತ್ತಿರುವುದು ಯಾವುದು?

ಮಾಗಡಿ ರಸ್ತೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಕನ್ನಡ ಎಂ.ಎ.ಗೆ ನನಗೆ ಸೀಟು ಸಿಕ್ಕಿದೆ. ಸುದ್ದಿ ಹೇಳಿದ ದಿನವೇ ಅಜ್ಜ ಅಟ್ಟದ ಮೇಲಿನ ತಗಡಿನ ಟ್ರಂಕು ಇಳಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಬಿ.ಎಸ್ಸಿ. ಪದವಿಪತ್ರವನ್ನು ತೋರಿಸಿದರು. 1969ರದು. ಒಂದು ಮೂಲೆಯನ್ನು ಹುಳು ತಿಂದಿದೆ. ಮಡಿಕೆಯ ಗೆರೆಯಲ್ಲಿ ಕಾಗದ ಬಿರಿದು, ಹಿಂಬದಿಗೆ ಅಜ್ಜಿ ಅಂಟಿಸಿದ ಬಟ್ಟೆಯ ಪಟ್ಟಿ ಕಾಣುತ್ತದೆ.

“ನಾನು ಓದಿದ್ದೂ ಬೆಂಗಳೂರು ವಿಶ್ವವಿದ್ಯಾಲಯವೇ. ಅದು ಮೈಸೂರು ಬ್ಯಾಂಕ್ ವೃತ್ತದ ಹತ್ತಿರ ಇದೆಯಲ್ಲ, ನೀನು ಕೆಂಗೇರಿ ಕಡೆಯ ಕಾಡಿಗೆ ಯಾಕೆ ಹೋಗುತ್ತೀಯಾ?” ಎಂದು ಕೇಳುತ್ತಾರೆ. ಅವರ ಸೆಂಟ್ರಲ್ ಕಾಲೇಜಿನಲ್ಲಿ ಈಗ ಬೆಂಗಳೂರು ನಗರ ವಿಶ್ವವಿದ್ಯಾಲಯ ಇದೆ. ಹಾಗಾದರೆ ಆ ಪದವಿಪತ್ರಕ್ಕೆ ವಾರಸುದಾರರು ಯಾರು? ಇನ್ನೊಂದು ಮಾತು. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಈಗ ಪಾಠವೇ ನಡೆಯುವುದಿಲ್ಲ, ಖಾಸಗಿಗೆ ಸೇರಿಸಿ ಎಂದು ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಅಲ್ಲಿ ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ.

ನಾಗರಬಾವಿ ನಿವಾಸಿ:
ಹೆಸರಿನ ಲೆಕ್ಕ ಸುಲಭ. 1964ರಲ್ಲಿ ಸೆಂಟ್ರಲ್ ಕಾಲೇಜು ಮತ್ತು ಕೆ.ಆರ್. ವೃತ್ತದ ಎಂಜಿನಿಯರಿಂಗ್ ಕಾಲೇಜನ್ನು ಮೈಸೂರು ವಿಶ್ವವಿದ್ಯಾಲಯದಿಂದ ಬೇರೆ ಮಾಡಿ ಬೆಂಗಳೂರು ವಿಶ್ವವಿದ್ಯಾಲಯ ಕಟ್ಟಿದರು. 1973ರಲ್ಲಿ ಸುಮಾರು 1,100 ಎಕರೆಯ ಜ್ಞಾನಭಾರತಿಗೆ ಸ್ಥಳಾಂತರ ಶುರುವಾಯಿತು. 2017ರಲ್ಲಿ ಮೂರು ಭಾಗ: ಜ್ಞಾನಭಾರತಿಯದು ಹಳೆಯ ಹೆಸರಿನಲ್ಲೇ ಉಳಿಯಿತು, ಸೆಂಟ್ರಲ್ ಕಾಲೇಜಿನದು ಈಗಿನ ನಗರ ವಿಶ್ವವಿದ್ಯಾಲಯ, ಮೂರನೆಯದಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರಕ್ಕೆ ಹೋಯಿತು. ಹೆಸರು ನಿಮ್ಮದು, ಕಟ್ಟಡ ಅವರದು.

ಹಳೆಯ ಕಾರ್ಡು:
ಮಗು, ನಾನು 1979ರಿಂದ 81ರವರೆಗೆ ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಓದಿದವಳು. ಆಮೇಲೆ ಮೂವತ್ತು ವರ್ಷ ಪದವಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾದೆ. ಮೇಲಿನವರು ಹೇಳಿದ ಲೆಕ್ಕ ಸರಿ. ಆದರೆ ನಿಮ್ಮ ಅಜ್ಜನ ಮಾತನ್ನು ಅಷ್ಟಕ್ಕೇ ಮುಗಿಸಲು ನನಗೆ ಮನಸ್ಸಿಲ್ಲ.

ಸೆಂಟ್ರಲ್ ಕಾಲೇಜು ವಿಶ್ವವಿದ್ಯಾಲಯಕ್ಕಿಂತ ನೂರು ವರ್ಷ ಹಿರಿಯದು. 1858ರಲ್ಲಿ ಪ್ರೌಢಶಾಲೆಯಾಗಿ ಶುರುವಾದದ್ದು. ವಿಶ್ವೇಶ್ವರಯ್ಯನವರು ಓದಿದ್ದು ಅಲ್ಲಿ. ಸಿ.ವಿ. ರಾಮನ್ ತಾವು ಕಂಡ ಹೊಸ ಬೆಳಕಿನ, ಅಂದರೆ ಈಗ ನಾವು ರಾಮನ್ ಪರಿಣಾಮ ಎನ್ನುವುದರ ವಿಷಯವಾಗಿ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟದ್ದೂ ಅಲ್ಲಿಯೇ. ಭೌತವಿಜ್ಞಾನ ಓದುತ್ತಿದ್ದ ಎಚ್. ನರಸಿಂಹಯ್ಯನವರು 1942ರಲ್ಲಿ ಆ ಕಾಲೇಜಿನ ತರಗತಿ ಬಿಟ್ಟು ಚಲೇಜಾವ್ ಚಳವಳಿಗೆ ಇಳಿದು ಜೈಲಿಗೆ ಹೋದರು, ಮರಳಿ ಬಂದು ಓದು ಮುಗಿಸಿದರು, ಮೂವತ್ತು ವರ್ಷದ ನಂತರ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು 1976ರಲ್ಲಿ ಅವರು ಸಮಿತಿ ರಚಿಸಿದಾಗ ನಾನು ಪದವಿ ವಿದ್ಯಾರ್ಥಿನಿ. ನಮ್ಮ ಮನೆಯಲ್ಲಿ ಎರಡು ಪಂಗಡವಾಗಿ ಊಟದ ಹೊತ್ತಿಗೆ ವಾದ ನಡೆಯುತ್ತಿತ್ತು. ಒಂದು ವಿಶ್ವವಿದ್ಯಾಲಯದ ಕೆಲಸ ಊರಿನ ಅಡುಗೆಮನೆಯವರೆಗೆ ಬಂದು ಪ್ರಶ್ನೆ ಎಬ್ಬಿಸಿದ್ದನ್ನು ನಾನು ಕಂಡದ್ದು ಆಗಲೇ. ಅದರ ಬೆಲೆ ಎಷ್ಟೆಂದು ಪಾಠ ಮಾಡಲು ನಿಂತ ಮೇಲೆ ತಿಳಿಯಿತು.

ಇನ್ನು ನಿಮ್ಮ ವಿಭಾಗ. ನಾನು ಓದುವಾಗ ಜಿ.ಎಸ್. ಶಿವರುದ್ರಪ್ಪನವರು ಕನ್ನಡ ಅಧ್ಯಯನ ಕೇಂದ್ರದ ನಿರ್ದೇಶಕರು. ಚಂದ್ರಶೇಖರ ಕಂಬಾರ, ಕಿ.ರಂ. ನಾಗರಾಜ, ಡಿ.ಆರ್. ನಾಗರಾಜ, ಸಿದ್ದಲಿಂಗಯ್ಯ, ಹೀಗೆ ಒಂದೊಂದು ಕಾಲಕ್ಕೆ ಅಲ್ಲಿ ಪಾಠ ಹೇಳಿದವರ ಹೆಸರು ಬರೆಯುತ್ತಾ ಹೋದರೆ ಕನ್ನಡ ಸಾಹಿತ್ಯದ ಅರ್ಧ ಶತಮಾನವೇ ಬರುತ್ತದೆ. ಇವರಲ್ಲಿ ಯಾರಿಗೂ ದುಬಾರಿ ಶುಲ್ಕ ಕೊಟ್ಟು ನಾವು ಪಾಠ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಯ ತಂದೆ ರೇಷ್ಮೆಗೂಡು ಮಾರುವ ರೈತ. ಅವಳು ಹಾಸ್ಟೆಲಿನಲ್ಲಿದ್ದು ಓದಿ ಅಧ್ಯಾಪಕಿಯಾದಳು. ಸರ್ಕಾರಿ ವಿಶ್ವವಿದ್ಯಾಲಯ ಇರಬೇಕಾದದ್ದು ಇದಕ್ಕಾಗಿಯೇ ಎಂದು ನಾನು ಇಂದಿಗೂ ನಂಬಿದ್ದೇನೆ.

ಆಗ ಗ್ರಂಥಾಲಯದಲ್ಲಿ ಮರದ ಸಣ್ಣ ಸಣ್ಣ ಸೆಳೆಖಾನೆಗಳಿದ್ದವು. ಒಳಗೆ ಉದ್ದದ ಸರಳಿಗೆ ಪೋಣಿಸಿದ, ಪುಸ್ತಕಕ್ಕೊಂದರಂತೆ ವಿವರ ಬರೆದ ಕಾರ್ಡುಗಳು. ಜನ ಹೆಚ್ಚು ಹುಡುಕುವ ಪುಸ್ತಕದ ಕಾರ್ಡಿನ ಮೇಲಂಚು ಬೆರಳಿನ ಎಣ್ಣೆಗೆ ಕಂದಾಗಿ, ಮೆತ್ತಗಾಗಿರುತ್ತಿತ್ತು. ಹೆಸರು ಓದುವ ಮೊದಲೇ ಅಂಚು ನೋಡಿ ಯಾವುದನ್ನು ಓದಬೇಕೆಂದು ತಿಳಿದುಕೊಳ್ಳುತ್ತಿದ್ದೆವು. ನನ್ನ ಹಿರಿಯರ ಬೆರಳುಗಳು ನನಗೆ ಹೀಗೆ ದಾರಿ ತೋರಿಸಿವೆ.

ವಿಶ್ವವಿದ್ಯಾಲಯವನ್ನು ಒಡೆದದ್ದಕ್ಕೆ ನನಗೆ ಬೇಸರವಿದೆ, ಆದರೆ ಅದು ಬರೀ ಮೂರ್ಖತನವಲ್ಲ. 2017ಕ್ಕೆ ಮುಂಚೆ 600ಕ್ಕೂ ಹೆಚ್ಚು ಸಂಯೋಜಿತ ಕಾಲೇಜುಗಳಿದ್ದವು. ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಅಂಕಪಟ್ಟಿ, ಘಟಿಕೋತ್ಸವ ಇವುಗಳಲ್ಲೇ ವರ್ಷ ಸವೆಯುತ್ತಿತ್ತು. ಸಂಶೋಧನೆಗೆ ಉಸಿರೇ ಇರಲಿಲ್ಲ. ಒಡೆದ ಮೇಲೆ ಹೊರೆ ಇಳಿಯಿತು, ಜೊತೆಗೆ ಆ ಕಾಲೇಜುಗಳಿಂದ ಬರುತ್ತಿದ್ದ ಶುಲ್ಕವೂ ಹಂಚಿಹೋಯಿತು. ಪಿಂಚಣಿಯ ಭಾರ ಮಾತ್ರ ಹಾಗೆಯೇ ಕುಳಿತಿದೆ. ಕೈಯಲ್ಲಿ ಹಣವಿಲ್ಲದಿದ್ದರೆ ಖಾಲಿ ಹುದ್ದೆ ತುಂಬುವುದಿಲ್ಲ. ಚಿಕ್ಕಪ್ಪನ ಆತಂಕಕ್ಕೆ ಅಷ್ಟು ಆಧಾರವಿದೆ ಎಂದು ಒಪ್ಪುತ್ತೇನೆ.

ಸಂಶೋಧನಾ ವಿದ್ಯಾರ್ಥಿ:
ಮೇಡಂ ಹೇಳಿದ್ದಕ್ಕೆ ಈಗಿನ ಮಾತು ಸೇರಿಸುತ್ತೇನೆ. ನಾನು ಜ್ಞಾನಭಾರತಿಯಲ್ಲೇ ಪಿಎಚ್‌.ಡಿ. ಮಾಡುತ್ತಿದ್ದೇನೆ, ಬೇರೆ ವಿಭಾಗ. ಪಾಠ ನಡೆಯುವುದಿಲ್ಲ ಎಂಬುದು ಸುಳ್ಳು. ನಡೆಸುವವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು ಎಂಬುದು ನಿಜ. ನನಗೆ ಸಂಶೋಧನಾ ವಿಧಾನ ಕಲಿಸಿದವರೂ ಅತಿಥಿ ಉಪನ್ಯಾಸಕರೇ. ಅಷ್ಟು ತಯಾರಿ ಮಾಡಿಕೊಂಡು ಬರುವವರನ್ನು ನಾನು ಕಂಡಿಲ್ಲ. ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಇದು ಅನ್ಯಾಯ, ನೇರವಾಗಿಯೇ ಹೇಳುತ್ತೇನೆ.

ಸೇರುವ ಮೊದಲು ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಮಂದಿ, ಹಿರಿಯ ವಿದ್ಯಾರ್ಥಿಗಳು ಯಾವ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ, ವಿಚಾರಿಸಿ. ಹಾಸ್ಟೆಲ್ ಅರ್ಜಿಯನ್ನು ತಡ ಮಾಡಬೇಡಿ. ಆವರಣದ ರಸ್ತೆಯಲ್ಲಿ ಮೈಸೂರು ರಸ್ತೆಗೂ ನಾಗರಬಾವಿಗೂ ಓಡಾಡುವ ಹೊರಗಿನ ವಾಹನಗಳ ಭರಾಟೆ ಹೆಚ್ಚು, ನಡೆಯುವಾಗ ಜೋಪಾನ. ಬೆಳಗಿನ ಹೊತ್ತು ಮರಗಳ ನಡುವೆ ನವಿಲು ಕೂಗುತ್ತವೆ. ಅಜ್ಜ ಕಾಡು ಎಂದದ್ದು ತಪ್ಪೇನಲ್ಲ.

ಮಾಗಡಿ ರಸ್ತೆ ಹುಡುಗಿ:
ಎಲ್ಲರಿಗೂ ಧನ್ಯವಾದಗಳು. ಮೇಡಂ, ನಿಮ್ಮ ಉತ್ತರವನ್ನು ಅಜ್ಜನಿಗೆ ಓದಿ ಹೇಳಿದೆ. ಕಾರ್ಡಿನ ಅಂಚಿನ ಭಾಗ ಬಂದಾಗ ಇನ್ನೊಮ್ಮೆ ಓದು ಎಂದರು. ಸೋಮವಾರ ವಿಭಾಗ ನೋಡಲು ತಾವೂ ಬರುತ್ತಾರಂತೆ.

ಹಳೆಯ ಕಾರ್ಡು:
ಕರೆದುಕೊಂಡು ಹೋಗು ಮಗು. ಮೊದಲು ಸೆಂಟ್ರಲ್ ಕಾಲೇಜನ್ನು ತೋರಿಸು, ಅಲ್ಲಿಯೇ ವಿಶ್ವೇಶ್ವರಯ್ಯ ಮೆಟ್ರೊ ನಿಲ್ದಾಣ ಇದೆ. ಅದೇ ನೇರಳೆ ಮಾರ್ಗದಲ್ಲಿ ಕೂತರೆ ರೈಲು ಬದಲಿಸದೆ ಜ್ಞಾನಭಾರತಿಯಲ್ಲಿ ಇಳಿಯಬಹುದು. ನಿಲ್ದಾಣದಿಂದ ಒಳಗೆ ಬಹಳ ದೂರ, ಅಜ್ಜನನ್ನು ನಡೆಸಬೇಡ, ಆಟೊ ಮಾಡಿಕೋ.