ವಿಮರ್ಶೆ ಚೆನ್ನಾಗಿಲ್ಲದ ಸಿನಿಮಾನ ಪೋಷಕ ಪಾತ್ರಗಳಿಗೋಸ್ಕರ ನೋಡಬಹುದಾ? ನೋಡಿದವರು ಹೇಳಿ

ಈ ಶನಿವಾರ ಅಮ್ಮನ ಜೊತೆ ಕೂತು 2005ರ ಇಂಗ್ಲಿಷ್ ಸಿನಿಮಾ ‘ಮಾನ್‌ಸ್ಟರ್ ಇನ್ ಲಾ’ ನೋಡೋಣ ಅಂತಿದ್ದೇನೆ. ಅತ್ತೆ ಸೊಸೆ ಜಗಳದ ಪ್ರೇಮ ಕಾಮಿಡಿ. ಓದಿದ ವಿಮರ್ಶೆಗಳಲ್ಲೆಲ್ಲಾ ಬೈದಿದ್ದಾರೆ. ಸಣ್ಣ ಪಾತ್ರದವರು ಮಾತ್ರ ತುಂಬಾ ಚೆನ್ನಾಗಿ ಮಾಡಿದ್ದಾರೆ ಅಂತ ಗೆಳತಿ ಹೇಳಿದಳು. ಅಷ್ಟಕ್ಕೇ ಒಂದೂಮುಕ್ಕಾಲು ಗಂಟೆ ಕೊಡಬಹುದಾ?

* * *

ಧೈರ್ಯವಾಗಿ ನೋಡಿ ಅಕ್ಕ. ನಾನು ಮೂರು ಸಲ ನೋಡಿದ್ದೇನೆ. ಒಂದು ಸಲವೂ ಆ ಪ್ರೇಮಿಗಳಿಗೋಸ್ಕರ ಅಲ್ಲ.

ವಿಮರ್ಶಕರು ಬೈದಿದ್ದರಲ್ಲಿ ತಪ್ಪಿಲ್ಲ. ಜೆನಿಫರ್ ಲೋಪೆಜ್‌ಗೂ ಮೈಕೆಲ್ ವಾರ್ಟನ್‌ಗೂ ಪ್ರೀತಿ ಯಾಕೆ ಹುಟ್ಟಿತು ಅಂತಲೇ ಗೊತ್ತಾಗುವುದಿಲ್ಲ, ಆ ಹುಡುಗನಿಗಂತೂ ಕಥೆಯಲ್ಲಿ ಕೆಲಸವೇ ಇಲ್ಲ. ಆದರೆ ಹುಡುಗನ ತಾಯಿ ವಯೋಲಾ ಆಗಿರುವುದು ಜೇನ್ ಫೋಂಡಾ. 1990ರಲ್ಲಿ ಬಂದ ಸಿನಿಮಾ ಆದಮೇಲೆ ನಟನೆ ಬಿಟ್ಟಿದ್ದವರು, ಹದಿನೈದು ವರ್ಷದ ನಂತರ ಮತ್ತೆ ತೆರೆ ಮೇಲೆ ಕಂಡಿದ್ದು ಇದರಲ್ಲೇ. ವಯೋಲಾ ಹೆಸರಾಂತ ಟಿವಿ ಸಂದರ್ಶಕಿ. ಕೆಲಸ ಕಳೆದುಕೊಂಡು ಕುಸಿದು ಹೋಗಿರುವಾಗಲೇ ಮಗ ಅವಳ ಕಣ್ಣೆದುರಿಗೇ ಹುಡುಗಿಗೆ ನನ್ನನ್ನು ಮದುವೆಯಾಗ್ತೀಯಾ ಅಂತ ಕೇಳುತ್ತಾನೆ. ಆಗ ಫೋಂಡಾ ಮುಖ ನೋಡಿ.

ಇನ್ನು ರೂಬಿ. ವಯೋಲಾಳ ಸಹಾಯಕಿ. ಮಾಡಿದವರು ಸ್ಟ್ಯಾಂಡ್‌ಅಪ್ ಕಾಮಿಡಿಯಿಂದ ಬಂದ ವಾಂಡಾ ಸೈಕ್ಸ್. ಎಷ್ಟೋ ವರ್ಷದಿಂದ ಒಂದೇ ಮನೆಯಲ್ಲಿ ಇದ್ದು, ಯಜಮಾನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳುವ ಸಲಿಗೆ ಇರುವ ಹೆಂಗಸರು ಇರುತ್ತಾರಲ್ವಾ, ಥೇಟ್ ಹಾಗೆ. ಮಾತಿಲ್ಲದಿದ್ದಾಗಲೂ ಅವಳನ್ನೇ ನೋಡುತ್ತಿರಿ. ನಮಗೆ ಅನಿಸಿದ್ದೆಲ್ಲಾ ಅವಳ ಮುಖದಲ್ಲಿ ಬಂದಿರುತ್ತದೆ.

ಕೊನೆಯಲ್ಲಿ ಎಲೈನ್ ಸ್ಟ್ರಿಚ್ ಬರುತ್ತಾರೆ. ಬ್ರಾಡ್‌ವೇ ರಂಗಭೂಮಿಯ ದೊಡ್ಡ ಕಲಾವಿದೆ, ಆಗ ಅವರಿಗೆ 80ರ ಆಸುಪಾಸು. ಮದುವೆ ದಿನ ವಯೋಲಾಳ ಅತ್ತೆಯಾಗಿ ಬಂದು ಇಳಿಯುತ್ತಾರೆ. ಅತ್ತೆಗೂ ಒಬ್ಬ ಅತ್ತೆ! ಕೆಲವೇ ನಿಮಿಷ ಇರುತ್ತಾರೆ, ಅಷ್ಟರಲ್ಲೇ ಈ ವಯೋಲಾ ಯಾಕೆ ಹೀಗಾದಳು ಅಂತ ಅರ್ಥವಾಗಿ ಬಿಡುತ್ತದೆ. ಇದನ್ನು ಮೊದಲೇ ಹೇಳಿದ್ದಕ್ಕೆ ಬೇಸರ ಬೇಡ, ಗೊತ್ತಿದ್ದೇ ನೋಡಿದಾಗಲೂ ನನಗೆ ಅಷ್ಟೇ ಖುಷಿಯಾಯಿತು.

* * *

ನಾನು ಪ್ರೇಮದ ಭಾಗ ಓಡಿಸಿಕೊಂಡು, ರೂಬಿ ಇರುವ ಕಡೆ ಮಾತ್ರ ನಿಲ್ಲಿಸಿ ನೋಡಿದೆ. ಅರ್ಧ ಗಂಟೆಯಲ್ಲಿ ಮುಗಿಯಿತು.

* * *

ಹಾಗೆ ಮಾಡಬೇಡಿ ಅಂತ ನನ್ನ ಸಲಹೆ. ಮೊದಲಿಂದ ವಯೋಲಾಳ ಕಾಟ ಸಹಿಸಿಕೊಂಡು ಬಂದವರಿಗೇ ಆ ಮುದುಕಿ ಬಂದು ಅವಳಿಗೆ ಚುಚ್ಚಿದಾಗ ನಗು ಉಕ್ಕುವುದು. ಬರೀ ಆ ಒಂದು ದೃಶ್ಯ ನೋಡಿದರೆ ಯಾರೋ ಇಬ್ಬರು ಹೆಂಗಸರು ಸುಮ್ನೆ ಜಗಳ ಆಡಿದ ಹಾಗೆ ಇರುತ್ತದೆ.

* * *

ನನ್ನ ಅನುಭವ ಬೇರೆ. ಸೊಸೆಯಾಗುವವಳಿಗೆ ಬಾದಾಮಿಯಂಥ ಬೀಜ ತಿಂದರೆ ಆಗುವುದಿಲ್ಲ ಅಂತ ಗೊತ್ತಿದ್ದೂ ವಯೋಲಾ ಅವಳ ಊಟದ ಗ್ರೇವಿಗೆ ಬಾದಾಮಿ ಸೇರಿಸುತ್ತಾಳೆ, ಅದು ನಗುವ ದೃಶ್ಯ ಅಂತೆ. ನನ್ನ ಮಗಳಿಗೆ ಕಡಲೆಕಾಯಿ ಆಗುವುದಿಲ್ಲ. ಒಂದು ಸಲ ನೆಂಟರ ಮನೆಯಲ್ಲಿ ಚಟ್ನಿ ತಿಂದು ತುಟಿ, ಕಣ್ಣೆಲ್ಲಾ ಊದಿಕೊಂಡು ರಾತ್ರೋರಾತ್ರಿ ಆಸ್ಪತ್ರೆಗೆ ಓಡಿದ್ದೇವೆ. ಆ ದೃಶ್ಯ ಬಂದಾಗ ನಾನು ಎದ್ದು ಅಡುಗೆಮನೆಗೆ ಹೋದೆ. ಎಷ್ಟು ಒಳ್ಳೆಯ ನಟಿ ಇದ್ದರೂ ಅದನ್ನು ನೋಡಲು ನನಗೆ ಆಗಲಿಲ್ಲ. ನಿಮ್ಮ ಮನೆಯಲ್ಲೂ ಅಂಥ ತೊಂದರೆ ಇದ್ದರೆ ಮೊದಲೇ ಗೊತ್ತಿರಲಿ.

* * *

ಸಣ್ಣ ಪಾತ್ರಕ್ಕೋಸ್ಕರ ಸಿನಿಮಾ ನೋಡುವುದು ನಮಗೇನು ಹೊಸದಲ್ಲ. 1974ರ ‘ಭೂತಯ್ಯನ ಮಗ ಅಯ್ಯು’ ಅಂದರೆ ನಮ್ಮ ತಾಯಿಗೆ ಇವತ್ತಿಗೂ ಮೊದಲು ನೆನಪಾಗುವುದು ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯ, ಕಥೆ ಆಮೇಲೆ. ಹೊಸ ಸಿನಿಮಾ ಹಾಕಿದರೂ ಹೀರೋ ಯಾರು ಅಂತ ಕೇಳುವುದಿಲ್ಲ, ಜೊತೆಗೆ ಯಾರ್ಯಾರಿದ್ದಾರೆ ಅಂತಲೇ ಕೇಳುತ್ತಾರೆ.

ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರದಿದ್ದರೆ ಒಂದು ಮಾತು. ನಾನು ನಮ್ಮ ತಾಯಿಗೆ ತೋರಿಸುವಾಗ ರೂಬಿ ಮಾತಾಡಿದ ತಕ್ಷಣ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳ ಮಾತು ಜಾಸ್ತಿ ವೇಗ, ಸಬ್‌ಟೈಟಲ್ ಓದುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಆದರೆ ಕೊನೆಯಲ್ಲಿ ಇಬ್ಬರು ಅತ್ತೆಯರು ಎದುರು ಬದುರಾದಾಗ ನಿಲ್ಲಿಸಲು ಹೋದೆ, ತಾಯಿ ನನ್ನ ಕೈ ಹಿಡಿದು ಬೇಡ ಅಂದರು. ಅವರಿಗೆ ಎಲ್ಲಾ ಅರ್ಥವಾಗಿತ್ತು.