ಪಿಎಚ್‌ಪಿ: ಫೋರೀಚ್ ತೆಗೆದು ಅರೇ_ಫಿಲ್ಟರ್ ಹಾಕಿದ ಮೇಲೆ ಜೇಸನ್ ಕೆಡ್ತಿದೆ

ಪ್ರಶ್ನೆ: ಸರ್, ಪಿಎಚ್‌ಪಿ 8.2. ಆರ್ಡರ್‌ಗಳಲ್ಲಿ ಸ್ಟೇಟಸ್ 'ಪೇಡ್' ಇರೋದನ್ನ ಆರಿಸಿ ಮೊತ್ತ ಕೂಡೋ ಫೋರೀಚ್ ಲೂಪ್ ಇತ್ತು. ಕೋಡ್ ರಿವ್ಯೂನಲ್ಲಿ ಬಿಲ್ಟ್-ಇನ್ ಫಂಕ್ಷನ್ ಬಳಸಿ ಅಂದ್ರು, ಅರೇ_ಫಿಲ್ಟರ್ ಹಾಕಿದೆ. ಮೊತ್ತ ಸರಿ ಇದೆ. ಅದೇ ಪಟ್ಟಿಯನ್ನ ಜೇಸನ್ (ಡೇಟಾ ಕಳಿಸೋ ಪಠ್ಯ ರೂಪ) ಮಾಡಿ ಕಳಿಸಿದ್ರೆ ಮಾತ್ರ ಜಾವಾಸ್ಕ್ರಿಪ್ಟ್ ಕಡೆ 'ಮ್ಯಾಪ್ ಫಂಕ್ಷನ್ ಅಲ್ಲ' ಅಂತ ಎರರ್. ಅದೂ ಒಂದೊಂದ್ಸಲ ಅಷ್ಟೇ. ಯಾಕೆ?

ಉತ್ತರ: ಅರೇ_ಫಿಲ್ಟರ್ ಹಳೆಯ ಕೀಗಳನ್ನು, ಅಂದರೆ ಪ್ರತಿ ಅಂಶದ ಗುರುತುಗಳನ್ನು, ಹಾಗೇ ಉಳಿಸಿಕೊಳ್ಳುತ್ತದೆ. 0, 1, 2, 3ರಲ್ಲಿ 1 ಬಿದ್ದುಹೋದರೆ ಉಳಿಯುವುದು 0, 2, 3. ಕೀಗಳು 0ಯಿಂದ ಸಾಲಾಗಿ ಇಲ್ಲದಿದ್ದರೆ ಜೇಸನ್_ಎನ್‌ಕೋಡ್ ಅದನ್ನು ಅರೇ ಬದಲು ಆಬ್ಜೆಕ್ಟ್ ಮಾಡಿಬಿಡುತ್ತದೆ; ಅರೇಗಳ ಫಂಕ್ಷನ್ ಆದ ಮ್ಯಾಪ್ ಆಬ್ಜೆಕ್ಟಿಗೆ ಎಲ್ಲಿಂದ ಬರಬೇಕು? ಬಿಟ್ಟುಹೋದ ಆರ್ಡರ್‌ಗಳೆಲ್ಲ ಪಟ್ಟಿಯ ಕೊನೆಯಲ್ಲೇ ಇದ್ದಾಗ ಕೀಗಳ ಸಾಲು ಮುರಿಯುವುದಿಲ್ಲ, ಆಗ ಎರರ್ ಕಾಣಿಸುವುದಿಲ್ಲ. ಫಿಲ್ಟರ್ ಮಾಡಿದ್ದನ್ನು, ಕೀಗಳನ್ನು 0ಯಿಂದ ಮತ್ತೆ ಎಣಿಸುವ ಅರೇ_ವ್ಯಾಲ್ಯೂಸ್‌ಗೆ ಕೊಟ್ಟು, ಬಂದದ್ದನ್ನು ಎನ್‌ಕೋಡ್ ಮಾಡಿ.

ಮೊತ್ತಕ್ಕೆ ಅರೇ_ಸಮ್(ಅರೇ_ಕಾಲಮ್($ಪೇಡ್, 'ಅಮೌಂಟ್')) ಸಾಕು; $ಪೇಡ್ ಅಂದರೆ ಫಿಲ್ಟರ್ ಆದ ಪಟ್ಟಿ, ಅರೇ_ಕಾಲಮ್ ಅದರಿಂದ 'ಅಮೌಂಟ್'ಗಳನ್ನಷ್ಟೇ ತೆಗೆಯುತ್ತದೆ. ಒಂದು ಎಚ್ಚರ: 'ಅಮೌಂಟ್' ಕೀ ಇಲ್ಲದ ಸಾಲನ್ನು ಅರೇ_ಕಾಲಮ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಲೂಪಿನಲ್ಲಾಗಿದ್ದರೆ ವಾರ್ನಿಂಗ್ ಆದರೂ ಬರುತ್ತಿತ್ತು. ದುಡ್ಡಿನ ಲೆಕ್ಕವಾದ್ದರಿಂದ ಕೂಡುವ ಮುಂಚೆ ಕಾಲಮ್ಮಿನ ಕೌಂಟೂ $ಪೇಡ್ ಕೌಂಟೂ ಒಂದೇ ಇದೆಯಾ ನೋಡಿಕೊಳ್ಳಿ. ಇನ್ನು ಕಾಲ್‌ಬ್ಯಾಕ್ (ಯಾವುದು ಉಳಿಯಬೇಕೆಂದು ಹೇಳುವ ಫಂಕ್ಷನ್) ಕೊಡದೆ ಅರೇ_ಫಿಲ್ಟರ್ ಕರೆದರೆ ನಲ್ ಜೊತೆಗೆ 0, '0', ಖಾಲಿ ಸ್ಟ್ರಿಂಗ್ ಎಲ್ಲವೂ ಹೋಗುತ್ತವೆ.

ಮರುಪ್ರಶ್ನೆ: ರದ್ದಾದ ಆರ್ಡರ್ ಒಂದಾದ್ರೂ ಇದೆಯಾ ಅಂತ ನೋಡೋ ಲೂಪ್ ಕೂಡ ಇದೆ, ಸಿಕ್ಕ ಕೂಡಲೇ ಬ್ರೇಕ್. ಅದಕ್ಕೂ ಫಿಲ್ಟರ್ ಮಾಡಿ ಕೌಂಟ್ ನೋಡ್ಲಾ?

ಉತ್ತರ: ಬೇಡ. ಫಿಲ್ಟರ್ ನಡುವೆ ನಿಲ್ಲುವುದಿಲ್ಲ. ಮೊದಲನೆಯದೇ ರದ್ದಾಗಿದ್ದರೂ ಕೊನೆಯವರೆಗೆ ಹೋಗುತ್ತದೆ. ಈ ಕೆಲಸಕ್ಕೆಂದೇ ಇರುವ ಅರೇ_ಎನಿ ಬಂದಿದ್ದು 8.4ರಲ್ಲಿ, 2024ರ ನವೆಂಬರ್‌ನಲ್ಲಿ. 8.2ರಲ್ಲಿ ಇರುವವರೆಗೆ ಆ ಫೋರೀಚ್ ಮುಟ್ಟಬೇಡಿ, ರಿವ್ಯೂ ಮಾಡಿದವರಿಗೂ ಇದೇ ಕಾರಣ ಹೇಳಿ.

ಇನ್ನೊಬ್ಬರ ಉತ್ತರ: ಒಂದು ಸೇರಿಸ್ತೀನಿ. ಪಟ್ಟಿಯಲ್ಲಿ ಒಂದು ಮೌಲ್ಯ ಇದೆಯಾ ನೋಡೋ ಇನ್_ಅರೇ ಒಳಗೂ ಲೂಪೇ ಇರೋದು. 20,000 ಐಡಿಗಳನ್ನ ಇನ್ನೊಂದು 20,000ದ ಪಟ್ಟಿಯಲ್ಲಿ ಇನ್_ಅರೇ ಹಾಕಿ ಹುಡುಕಿದ್ರೆ, ಒಂದೂ ಸಿಗದಿದ್ದಾಗ 40 ಕೋಟಿ ಹೋಲಿಕೆ. ಲೂಪ್ ಶುರುವಾಗೋಕೆ ಮುಂಚೆ ಒಮ್ಮೆ ಆ ಪಟ್ಟಿಗೆ ಅರೇ_ಫ್ಲಿಪ್ ಮಾಡಿಟ್ಟು (ಮೌಲ್ಯಗಳೇ ಕೀಗಳಾಗುತ್ತವೆ), ಒಳಗೆ ಆ ಕೀ ಇದೆಯಾ ಅಂತ ಇಸ್‌ಸೆಟ್‌ನಿಂದ ನೋಡಿ. ಫ್ಲಿಪ್ ಆಗೋದು ಇಂಟಿಜರ್, ಸ್ಟ್ರಿಂಗ್ ಮಾತ್ರ. ಐಡಿಗಳ ನಡುವೆ ನಲ್ ಇದ್ರೆ ವಾರ್ನಿಂಗ್ ಕೊಟ್ಟು ಅದನ್ನ ಬಿಟ್ಟು ಮುಂದೆ ಹೋಗುತ್ತೆ.