ಶಾಲೆಯ ಲ್ಯಾಬ್‌ನ ಲಿನಕ್ಸ್‌ಗೆ ಡೀಫಾಲ್ಟ್ ಕನ್ನಡ ಫಾಂಟ್ ಯಾವುದಿರಬೇಕು?

ಲ್ಯಾಬ್ ಮಾಸ್ತರ, ಸಿಂದಗಿ

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಸುತ್ತಲಿನ ಊರುಗಳ ಕೆಲವು ಶಿಕ್ಷಕರು ಸೇರಿಕೊಂಡು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ ಮತ್ತು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಪೆನ್‌ಡ್ರೈವ್ ಒಂದನ್ನು ಸಿದ್ಧಪಡಿಸುತ್ತಿದ್ದೇವೆ. ಹಳೆಯ ಕಂಪ್ಯೂಟರ್‌ಗೆ ಅದನ್ನು ಚುಚ್ಚಿ ಇನ್‌ಸ್ಟಾಲ್ ಮಾಡಿದರೆ ಮಕ್ಕಳು ಅಂದೇ ಕೆಲಸಕ್ಕೆ ಕೂರುವಂತಿರಬೇಕು. ಬಹುತೇಕ ಎಲ್ಲ ಮುಗಿದಿದೆ. ಫಾಂಟ್ ಒಂದರ ತೀರ್ಮಾನ ಉಳಿದಿದೆ. ಅದನ್ನು ಅವಸರದಲ್ಲಿ ಮಾಡಲು ನನಗೆ ಮನಸ್ಸಿಲ್ಲ.

ನಮ್ಮಂಥ ಲ್ಯಾಬ್‌ಗಳಲ್ಲಿ ಡೀಫಾಲ್ಟ್ ಎಂದರೆ ಕಾಯಂ. ಎಂಟನೇ ತರಗತಿಯ ಹುಡುಗಿ ಸೆಟ್ಟಿಂಗ್ಸ್ ತೆರೆದು ಫಾಂಟ್ ಬದಲಿಸುವುದಿಲ್ಲ, ಅವಳಿಗೆ ಕಲಿಸುವವರೂ ಬದಲಿಸುವುದಿಲ್ಲ. ನಾವು ಈಗ ಇಟ್ಟದ್ದನ್ನೇ ಅವಳು ಹತ್ತನೇ ತರಗತಿ ಮುಗಿಸುವ ತನಕ ಓದುತ್ತಾಳೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಪರದೆಯ ಮೇಲಿನ ಕನ್ನಡ ಎಂದರೆ ಇದೇ.

ಸದ್ಯದ ಸ್ಥಿತಿ ಹೀಗಿದೆ. ಡೆಬಿಯನ್‌ನಲ್ಲಿ ಕನ್ನಡಕ್ಕೆಂದೇ ಇರುವ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟ್‌ಗಳು ಬರುತ್ತವೆ. ನವಿಲು ಕೈಬರಹದ ಶೈಲಿಯದು, ಅದನ್ನು ಪಕ್ಕಕ್ಕಿಟ್ಟೆ. ಗೂಗಲ್‌ನ ನೋಟೊ ಫಾಂಟ್‌ಗಳ ಪ್ಯಾಕೇಜ್ ಸೇರಿಸಿದರೆ ನೋಟೊ ಸ್ಯಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಎರಡೂ ಸಿಗುತ್ತವೆ. ಎಕ್ಸ್‌ಎಫ್‌ಸಿಇ ಸೆಟ್ಟಿಂಗ್‌ನಲ್ಲಿ ಕಾಣುವುದು ‘ಸ್ಯಾನ್ಸ್ 10’ ಎಂದು ಮಾತ್ರ. ಅದರ ಹಿಂದೆ ಇರುವ ಡೇಜಾವು ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಕನ್ನಡ ಬಂದ ಕಡೆಯಲ್ಲೆಲ್ಲ ವ್ಯವಸ್ಥೆ ತನಗೆ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಒಂದೇ ಕಂಪ್ಯೂಟರ್‌ನಲ್ಲಿ ಕಡತದ ಹೆಸರು ಒಂದು ಫಾಂಟ್‌ನಲ್ಲಿ, ಫೈರ್‌ಫಾಕ್ಸ್ ಪುಟ ಇನ್ನೊಂದರಲ್ಲಿ, ಲಿಬ್ರೆ ಆಫೀಸ್ ದಾಖಲೆ ಮತ್ತೊಂದರಲ್ಲಿ ಕಾಣುತ್ತದೆ.

ನಮ್ಮ ಮಾನಿಟರ್‌ಗಳು 1366×768 ಅಳತೆಯವು. ಈ ಪರದೆಯಲ್ಲಿ ಸಣ್ಣ ಗಾತ್ರದಲ್ಲಿ ಮೊದಲು ಮಾಯವಾಗುವುದು ಮಹಾಪ್ರಾಣದ ಸೀಳು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಚ ಮತ್ತು ಛ ಇವುಗಳ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಗೆರೆಯಲ್ಲಿದೆ. ಥ ಮತ್ತು ಧ ನಡುವೆ ಇರುವುದು ಒಂದು ಚುಕ್ಕೆ. ಗಣಿತದ ಪ್ರಶ್ನೆಯಲ್ಲಿ ‘ಅರ್ಧ’ ಎಂಬುದು ‘ಅರ್ಥ’ ಎಂದು ಕಂಡರೆ ಮಗು ಏನು ಮಾಡಬೇಕು? ‘ದನ’ ‘ಧನ’ ಒಂದೇ ಆಗಿಬಿಡುತ್ತವೆ. ದೊಡ್ಡವರು ವಾಕ್ಯದ ಅರ್ಥದಿಂದ ಊಹಿಸಿ ಮುಂದೆ ಹೋಗುತ್ತಾರೆ. ಕಾಗುಣಿತವನ್ನೇ ಇನ್ನೂ ಗಟ್ಟಿ ಮಾಡಿಕೊಳ್ಳುತ್ತಿರುವ ಮಗುವಿಗೆ ಆ ಊಹೆಯ ಬಲ ಇಲ್ಲ.

ಆದ್ದರಿಂದ ಚೆಂದಕ್ಕಿಂತ ಮೊದಲು ಸ್ಪಷ್ಟತೆ ಬೇಕು ಎಂಬುದು ನನ್ನ ನಿಲುವು. ಲೋಹಿತ್ ಇಡಲೋ, ನೋಟೊ ಇಡಲೋ, ಇವೆರಡೂ ಅಲ್ಲದೆ ಬೇರೆ ಯಾವುದಾದರೂ ಇದೆಯೋ? ಮುದ್ರಣ ಬಲ್ಲವರು, ಫಾಂಟ್ ವ್ಯವಸ್ಥೆಯ ಒಳಗು ಬಲ್ಲವರು ದಯವಿಟ್ಟು ಹೇಳಿ.

ಅಚ್ಚಿನ ಮನೆ, ಬಾಗಲಕೋಟೆ

ಮಾಸ್ತರರೇ, ನಿಮ್ಮ ಕಾಳಜಿ ಸರಿಯಾದ ಜಾಗದಲ್ಲಿದೆ. ನಾನು ವೃತ್ತಿಯಿಂದ ಡಿಟಿಪಿಯವನು. ಲಗ್ನಪತ್ರಿಕೆಯಿಂದ ಹಿಡಿದು ಸ್ಮರಣ ಸಂಚಿಕೆವರೆಗೆ ಕನ್ನಡ ಅಕ್ಷರ ಜೋಡಿಸುವುದೇ ನನ್ನ ದಿನದ ಕೆಲಸ.

ಲೋಹಿತ್ ಮೇಲೆ ನನಗೆ ಗೌರವವಿದೆ. ಉಚಿತವಾಗಿ ಹಂಚಬಹುದಾದ ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತದ) ಫಾಂಟ್ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು ಕೊಟ್ಟಿತು, ಲಿನಕ್ಸ್‌ನಲ್ಲಿ ಕನ್ನಡ ನಿಂತದ್ದೇ ಅದರ ಬಲದಿಂದ. ಆದರೆ ಡೀಫಾಲ್ಟ್ ಸ್ಥಾನಕ್ಕೆ ಅದು ಬೇಡ ಎನ್ನುತ್ತೇನೆ. ಕಾರಣ ದಪ್ಪಕ್ಷರ. ಲೋಹಿತ್ ಕನ್ನಡಕ್ಕೆ, ಗುಬ್ಬಿಗೆ ಇರುವುದು ಒಂದೇ ತೂಕ. ಬೋಲ್ಡ್ ಕೇಳಿದಾಗ ಕಂಪ್ಯೂಟರ್ ಅದೇ ಅಕ್ಷರದ ಅಂಚನ್ನು ಉಬ್ಬಿಸಿ ತೋರಿಸುತ್ತದೆ. ಗೆರೆ ಉಬ್ಬಿದ ಕೂಡಲೇ ನೀವು ಹೇಳಿದ ಆ ಸೀಳು ಮುಚ್ಚಿಹೋಗುತ್ತದೆ, ಒತ್ತಕ್ಷರದ ಒಳಗಿನ ಬಿಳಿ ಜಾಗ ತುಂಬಿಕೊಳ್ಳುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಕಿಟಕಿಯ ಶೀರ್ಷಿಕೆ ಮೊದಲಿನಿಂದಲೇ ಬೋಲ್ಡ್, ಅದೂ 9ರ ಗಾತ್ರ. ಮಗು ತನ್ನ ಕಡತದ ಹೆಸರನ್ನು ದಿನವೂ ನೋಡುವ ಜಾಗ ಅದು. ನೋಟೊ ಸ್ಯಾನ್ಸ್ ಕನ್ನಡದಲ್ಲಿ ದಪ್ಪ ರೂಪವನ್ನು ಬೇರೆಯಾಗಿಯೇ ಬರೆದಿದ್ದಾರೆ. ಅಲ್ಲಿ ಗೆರೆ ದಪ್ಪವಾದರೂ ಒಳಜಾಗಕ್ಕೆ ಅವಕಾಶ ಬಿಟ್ಟಿದ್ದಾರೆ. ಇದೊಂದೇ ಕಾರಣ ನನಗೆ ಸಾಕು.

ಪರೀಕ್ಷಿಸುವುದಾದರೆ ಅ ಆ ಇ ಈ ಬರೆದು ನೋಡಬೇಡಿ. ಎಲ್ಲ ಫಾಂಟ್‌ಗಳೂ ಅದರಲ್ಲಿ ಪಾಸಾಗುತ್ತವೆ. ಸ್ವಾತಂತ್ರ್ಯ, ರಾಷ್ಟ್ರೀಯ, ವೈಶಿಷ್ಟ್ಯ, ಸಂಸ್ಕೃತಿ, ಲಕ್ಷ್ಮಿ ಬರೆಯಿರಿ. ಒತ್ತಿನ ಕೆಳಗೆ ಒತ್ತು ಬಂದಾಗ ಕೆಳಗಿನ ಸಾಲಿಗೆ ತಾಗುತ್ತದೆಯೇ ನೋಡಿ. ಸೂರ್ಯ ಮತ್ತು ರ‍್ಯಾಂಕ್ ಎರಡನ್ನೂ ಅಕ್ಕಪಕ್ಕ ಬರೆಯಿರಿ. ಮೊದಲನೆಯದರಲ್ಲಿ ಅರ್ಕಾವತ್ತು ಬರಬೇಕು, ಎರಡನೆಯದರಲ್ಲಿ ರ ಕೆಳಗೆ ಯ ಒತ್ತು ನಿಲ್ಲಬೇಕು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಪಾಠ ಮಾಡುವ ಇತಿಹಾಸ ಶಿಕ್ಷಕರು ನಿಮ್ಮಲ್ಲಿದ್ದರೆ ಹಳಗನ್ನಡದ ಱ ಮತ್ತು ೞ ಕೂಡ ಪಟ್ಟಿಗೆ ಸೇರಲಿ.

ಇನ್ನೊಂದು ಮಾತು. ಶಿಕ್ಷಕರ ಬಳಿ ಇರುವ ಹಳೆಯ ಪ್ರಶ್ನೆಪತ್ರಿಕೆಗಳು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ವಿಧಾನದಲ್ಲಿ ಇರುತ್ತವೆ. ಅವು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯಾವ ಡೀಫಾಲ್ಟ್ ಫಾಂಟ್ ಇಟ್ಟರೂ ಅದು ಸರಿಹೋಗುವುದಿಲ್ಲ, ಕಡತವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಇದನ್ನು ಶಿಕ್ಷಕರಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಬೈಗುಳ ನಿಮ್ಮ ಫಾಂಟ್‌ಗೆ ಬೀಳುತ್ತದೆ.

ಕೋಡ್ ಬರೆಯುವವಳು, ಬೆಳಗಾವಿ

ಫಾಂಟ್ ಯಾವುದು ಎಂಬ ಪ್ರಶ್ನೆಗೆ ಬಾಗಲಕೋಟೆಯ ಹಿರಿಯರು ಉತ್ತರ ಕೊಟ್ಟಿದ್ದಾರೆ. ನಾನೂ ನೋಟೊ ಪಕ್ಷವೇ. ಲಿನಕ್ಸ್‌ನ ಇನ್ನೊಂದು ಬಗೆಯಾದ ಫೆಡೋರಾ ಕೂಡ 2022ರ 36ನೇ ಆವೃತ್ತಿಯಿಂದ ಹಲವು ಭಾಷೆಗಳಿಗೆ ನೋಟೊವನ್ನು ಡೀಫಾಲ್ಟ್ ಮಾಡಿಕೊಂಡಿತು. ನನಗೆ ಹೇಳಬೇಕಾಗಿರುವುದು ಅದನ್ನು ಕೂರಿಸುವ ಬಗೆ.

ಸರ್, ನಿಮ್ಮ ಕಂಪ್ಯೂಟರ್‌ನಲ್ಲಿ ಮೂರು ಕಡೆ ಮೂರು ಫಾಂಟ್ ಕಾಣುವುದಕ್ಕೆ ಕಾರಣ, ಯಾರೂ ಸ್ಪಷ್ಟವಾದ ಅಪ್ಪಣೆ ಕೊಡದಿರುವುದು. ಲಿನಕ್ಸ್‌ನಲ್ಲಿ ಆ ಅಪ್ಪಣೆಯನ್ನು ಪಾಲಿಸುವುದು ಫಾಂಟ್‌ಕಾನ್ಫಿಗ್. ‘ಸ್ಯಾನ್ಸ್-ಸೆರಿಫ್’ ಎಂದು ಕೇಳಿದಾಗ ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿಯನ್ನು ಅದಕ್ಕೆ ಬರೆದುಕೊಡಬೇಕು. ಆ ಪಟ್ಟಿಯಲ್ಲಿ ಕನ್ನಡ ಫಾಂಟ್ ಅನ್ನು ಮೊದಲ ಸಾಲಿನಲ್ಲಿ ಇಡಬೇಡಿ. ಹಾಗೆ ಇಟ್ಟರೆ, ಆ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿಗಳೂ ಇದ್ದಲ್ಲಿ ಇಡೀ ಡೆಸ್ಕ್‌ಟಾಪ್‌ನ ಇಂಗ್ಲಿಷ್ ಅದರಿಂದಲೇ ಬರತೊಡಗುತ್ತದೆ. ಮೊದಲು ಲ್ಯಾಟಿನ್ (ಇಂಗ್ಲಿಷ್ ಅಕ್ಷರಗಳ) ಫಾಂಟ್, ಅದರ ಕೆಳಗೆ ನೋಟೊ ಸ್ಯಾನ್ಸ್ ಕನ್ನಡ, ಆಮೇಲೆ ದೇವನಾಗರಿ. ಸೆರಿಫ್‌ಗೂ ಇದೇ ಕ್ರಮದ ಇನ್ನೊಂದು ಪಟ್ಟಿ. ಬಳಿಕ ಟರ್ಮಿನಲ್‌ನಲ್ಲಿ ಎಫ್‌ಸಿ-ಮ್ಯಾಚ್ ಆದೇಶಕ್ಕೆ ಕನ್ನಡ ಭಾಷೆಯ ಸಂಕೇತ ಕೊಟ್ಟು ಕೇಳಿದರೆ ಯಾವುದು ಆಯ್ಕೆಯಾಗಿದೆ ಎಂದು ಅದೇ ಹೇಳುತ್ತದೆ.

ಫೈರ್‌ಫಾಕ್ಸ್ ಕನ್ನಡಕ್ಕೆ ಪ್ರತ್ಯೇಕ ಫಾಂಟ್ ಸೆಟ್ಟಿಂಗ್ ಇಟ್ಟುಕೊಂಡಿರುತ್ತದೆ, ಅಲ್ಲೂ ಒಮ್ಮೆ ನೋಡಿ. ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಸಿಟಿಎಲ್ (ಸಂಕೀರ್ಣ ಜೋಡಣೆಯ ಲಿಪಿಗಳ) ಗುಂಪಿಗೆ ಸೇರುತ್ತದೆ. ಹಲವರು ಪಾಶ್ಚಾತ್ಯ ಫಾಂಟ್ ಬದಲಿಸಿ ಕನ್ನಡ ಏಕೆ ಬದಲಾಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಬದಲಿಸಬೇಕಾದದ್ದು ಸಿಟಿಎಲ್ ಕಡೆಯದು. ವಿಂಡೋಸ್‌ನಿಂದ ಬರುವ ದಾಖಲೆಗಳಲ್ಲಿ ತುಂಗಾ, ನಿರ್ಮಲಾ ಯುಐ ಎಂಬ ಫಾಂಟ್ ಹೆಸರುಗಳಿರುತ್ತವೆ. ಆ ಹೆಸರು ಕಂಡರೆ ನೋಟೊ ತೋರಿಸು ಎಂದು ಫಾಂಟ್‌ಕಾನ್ಫಿಗ್‌ನಲ್ಲಿ ಬರೆಯಬಹುದು. ಅಳತೆ ಒಂದೇ ಅಲ್ಲವಾದ್ದರಿಂದ ಪುಟ ಮುರಿಯುವ ಜಾಗ ಹಿಂದೆ ಮುಂದೆ ಆಗುತ್ತದೆ. ಪ್ರಶ್ನೆಪತ್ರಿಕೆಯನ್ನು ಪಿಡಿಎಫ್ ಆಗಿಯೇ ಕಳಿಸಲು ಹೇಳಿ.

ಸಾಲಿನ ಎತ್ತರದ ಬಗ್ಗೆಯೂ ಹೇಳಬೇಕು. ಕನ್ನಡ ಇಂಗ್ಲಿಷ್‌ಗಿಂತ ಕೆಳಗೆ ಹೆಚ್ಚು ಜಾಗ ಬೇಡುತ್ತದೆ. ಪ್ಯಾನೆಲ್‌ನಲ್ಲಿ ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತಿದ್ದರೆ ನೋಟೊ ಸ್ಯಾನ್ಸ್ ಕನ್ನಡ ಯುಐ ಎಂಬ ರೂಪ ಇದೆ, ಅದರಲ್ಲಿ ಲಂಬ ಅಳತೆಯನ್ನು ಬಿಗಿಗೊಳಿಸಿದ್ದಾರೆ. ಕತ್ತರಿಸದಿದ್ದರೆ ಅದು ಬೇಡ. ಓದಲು ಸಾಮಾನ್ಯ ರೂಪವೇ ಹಿತ.

ನಮ್ಮ ಗಡಿಯ ಶಾಲೆಗಳಿಗೂ ನಿಮ್ಮ ಪೆನ್‌ಡ್ರೈವ್ ಬರಲಿ ಎಂಬ ಆಸೆಯಿಂದ ಇನ್ನೊಂದು ಕೋರಿಕೆ. ಮರಾಠಿಯ ಲ ಮತ್ತು ಶ ಹಿಂದಿಯವುಗಳಿಗಿಂತ ಬೇರೆ ಆಕಾರದವು. ನೋಟೊ ಸ್ಯಾನ್ಸ್ ದೇವನಾಗರಿಯಲ್ಲಿ ಎರಡೂ ರೂಪಗಳಿವೆ, ಪಠ್ಯಕ್ಕೆ ಮರಾಠಿ ಎಂದು ಭಾಷೆ ಗುರುತಿಸಿದರೆ ಮರಾಠಿಯ ರೂಪ ಬರುತ್ತದೆ. ಬೆಳಗಾವಿಯ ಮಗು ತನ್ನ ಪಠ್ಯಪುಸ್ತಕದಲ್ಲಿ ಕಂಡ ಅಕ್ಷರವನ್ನೇ ಪರದೆಯಲ್ಲೂ ಕಾಣಬೇಕು.

ಲ್ಯಾಬ್ ಮಾಸ್ತರ, ಸಿಂದಗಿ

ಇಬ್ಬರಿಗೂ ಕೃತಜ್ಞತೆಗಳು. ಅಚ್ಚಿನ ಮನೆಯವರ ಪದಗಳನ್ನೆಲ್ಲ ಒಂದು ಪುಟದಲ್ಲಿ ಹಾಕಿ, ಲೋಹಿತ್ ಮತ್ತು ನೋಟೊ ಎರಡರಲ್ಲೂ 9ರ ಬೋಲ್ಡ್‌ನಲ್ಲಿ ನಮ್ಮ ಮಾನಿಟರ್ ಮೇಲೆ ತೆರೆದೆ. ಲೋಹಿತ್‌ನಲ್ಲಿ ಧ ಮತ್ತು ದ ಬೇರೆ ಮಾಡಲು ನಾನೇ ಪರದೆಯ ಹತ್ತಿರ ಬಾಗಬೇಕಾಯಿತು. ನೋಟೊದಲ್ಲಿ ಕುರ್ಚಿಯಲ್ಲಿ ಕೂತೇ ಓದಿದೆ. ತೀರ್ಮಾನ ಆಯಿತು.

ಆದರೂ ಒಂದು ಅನುಮಾನ ಉಳಿದಿದೆ. ನೋಟೊದ ಮುಖ್ಯ ಪ್ಯಾಕೇಜ್ ಹಾಕಿದರೆ ಲೋಕದ ಲಿಪಿಗಳೆಲ್ಲ ಒಟ್ಟಿಗೆ ಬಂದು ಲಿಬ್ರೆ ಆಫೀಸ್‌ನ ಫಾಂಟ್ ಪಟ್ಟಿ ಉದ್ದವಾಗಿಬಿಡುತ್ತದೆ. ಮಕ್ಕಳು ಅದರಲ್ಲಿ ಕನ್ನಡವನ್ನು ಹುಡುಕುತ್ತಲೇ ಪಿರಿಯಡ್ ಮುಗಿಯುತ್ತದೆ. ಏನು ಮಾಡಲಿ? ವಿಜಯಪುರ ನಗರದ ಉರ್ದು ಮಾಧ್ಯಮ ಶಾಲೆಯೊಂದೂ ನಮ್ಮ ಪೆನ್‌ಡ್ರೈವ್ ಕೇಳಿದೆ. ಉರ್ದು ಓದುವವರು ಇಲ್ಲಿದ್ದರೆ ಅವರ ಮಾತೂ ಬೇಕು.

ಉರ್ದು ಓದುಗ, ವಿಜಯಪುರ

ಕೇಳಿದ್ದಕ್ಕೆ ಸಂತೋಷವಾಯಿತು, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಉರ್ದು ಪುಸ್ತಕಗಳು ನಸ್ತಾಲಿಕ್ ಶೈಲಿಯಲ್ಲಿ ಇರುತ್ತವೆ. ಕಂಪ್ಯೂಟರ್‌ಗಳು ಸಾಮಾನ್ಯವಾಗಿ ಅರಬ್ಬಿಯ ನಸ್ಖ್ ತೋರಿಸುತ್ತವೆ. ನಮ್ಮ ಮಕ್ಕಳು ಅದನ್ನು ತಡವರಿಸುತ್ತಾ ಓದುತ್ತಾರೆ. ನೋಟೊ ನಸ್ತಾಲಿಕ್ ಉರ್ದು ಇದೆ. ಅದನ್ನು ಪಾಠ, ಕಥೆ ಓದುವ ಕಡೆ ಇಡಿ. ನಸ್ತಾಲಿಕ್‌ನಲ್ಲಿ ಪದ ಮೇಲಿಂದ ಕೆಳಕ್ಕೆ ಓರೆಯಾಗಿ ಇಳಿಯುವುದರಿಂದ ಸಾಲಿಗೆ ಬಹಳ ಎತ್ತರ ಬೇಕು, ಇಕ್ಕಟ್ಟಾದ ಮೆನುಗಳಲ್ಲಿ ಹೊಂದುವುದಿಲ್ಲ. ಮೆನುವಿಗೆ ನಸ್ಖ್ ಇರಲಿ, ದಾಖಲೆಗೆ ನಸ್ತಾಲಿಕ್ ಇರಲಿ. ಶಾಲೆಯವರಿಗೆ ಈ ವ್ಯತ್ಯಾಸವನ್ನು ನಾನೇ ಬಂದು ತೋರಿಸಿಕೊಡುತ್ತೇನೆ.

ಕೋಡ್ ಬರೆಯುವವಳು, ಬೆಳಗಾವಿ

ಸರ್, ಉದ್ದ ಪಟ್ಟಿಗೆ ಪರಿಹಾರ ಇದೆ. ಪೂರ್ತಿ ಪ್ಯಾಕೇಜ್ ಬದಲು ಬೇಕಾದ ಕನ್ನಡ, ದೇವನಾಗರಿ, ಉರ್ದು ಕಡತಗಳನ್ನು ಮಾತ್ರ ಇಡಿ. ನೋಟೊ 2015ರಿಂದ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿದೆ. ಲೈಸೆನ್ಸ್‌ನ ಪ್ರತಿಯನ್ನು ಜೊತೆಗಿಟ್ಟು ಎಷ್ಟು ಶಾಲೆಗಳಿಗೆ ಬೇಕಾದರೂ ಹಂಚಬಹುದು. ಪ್ಯಾಕೇಜ್ ಹಾಕಿಯೇ ಇದ್ದರೆ, ಬೇಡದ ಲಿಪಿಗಳನ್ನು ಪಟ್ಟಿಯಿಂದ ಕೈಬಿಡುವಂತೆ ಫಾಂಟ್‌ಕಾನ್ಫಿಗ್‌ಗೇ ಹೇಳಬಹುದು.

ಪೆನ್‌ಡ್ರೈವ್ ಅಂತಿಮಗೊಳಿಸುವ ಮುನ್ನ ಇದನ್ನು ಖಂಡಿತ ಮಾಡಿ. ಈ ನಿಯಮಗಳನ್ನೆಲ್ಲ ನಿಮ್ಮ ಸ್ವಂತ ಖಾತೆಯ ಫೋಲ್ಡರ್‌ನಲ್ಲಿ ಬರೆದರೆ ನಿಮಗೆ ಮಾತ್ರ ಸರಿ ಕಾಣುತ್ತದೆ, ವಿದ್ಯಾರ್ಥಿಯ ಖಾತೆ ತೆರೆದಾಗ ಮತ್ತೆ ಹಳೆಯ ಗೊಂದಲವೇ. ಇಡೀ ವ್ಯವಸ್ಥೆಗೆ ಅನ್ವಯಿಸುವ ಇಟಿಸಿ ಫೋಲ್ಡರ್‌ನ ಫಾಂಟ್ಸ್ ಒಳಗೆ ಲೋಕಲ್.ಕಾನ್ಫ್ ಎಂಬ ಕಡತದಲ್ಲಿ ಬರೆಯಿರಿ, ಫಾಂಟ್ ಪಟ್ಟಿಯನ್ನು ಹೊಸದಾಗಿಸುವ ಎಫ್‌ಸಿ-ಕ್ಯಾಶ್ ಆದೇಶ ಓಡಿಸಿ, ಹೊಸದಾಗಿ ಒಂದು ವಿದ್ಯಾರ್ಥಿ ಖಾತೆ ಸೃಷ್ಟಿಸಿ ಅದರಿಂದ ಲಾಗಿನ್ ಆಗಿ ನಿಮ್ಮ ಪರೀಕ್ಷಾ ಪುಟವನ್ನು ತೆರೆಯಿರಿ. ಅಲ್ಲಿ ‘ಅರ್ಧ’ ಸರಿಯಾಗಿ ಕಂಡರೆ ಹಂಚಲು ಶುರುಮಾಡಿ, ಬೆಳಗಾವಿಗೆ ಒಂದು ಪ್ರತಿ ಕಳಿಸಿ.